ಕಳ್ಳನಿಗೆ ಬರಬಾರದು, ನಮಗೆ ಮಾತ್ರ ಬರಬೇಕು

"ಅಕ್ಕ, ಕಳ್ಳನಿಗೆ ಬಿಚ್ಚೋಕೆ ಬರಬಾರದು, ನಮಗೆ ಮಾತ್ರ ಬರಬೇಕು. ಅಂಥ ಸ್ಕ್ರೂ ಇದ್ಯಾ?"

ಕೊಡಗಿನ ಮೂರ್ನಾಡಿನ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಈ ಪ್ರಶ್ನೆ ಬರುವುದಕ್ಕೂ ಒಂದು ಸೀಸನ್ ಇದೆ. ರೊಬಸ್ಟಾ ಕಾಫಿ ಕೊಯ್ಲು ಮುಗಿಯುತ್ತಾ ಬಂದು, ಕಾಫಿ ಹೂವಿಗೆ ನೀರು ಹೊಡೆಯಲು ಪೈಪು, ನೀರು ಚಿಮ್ಮಿಸುವ ಜೆಟ್ಟು, ಪಂಪು ಎಲ್ಲ ತೋಟಕ್ಕೆ ಇಳಿಯುವ ಫೆಬ್ರವರಿ, ಮಾರ್ಚ್. ಕಣದಲ್ಲಿ ಕರಿಮೆಣಸು ಒಣಗುವುದೂ ಆಗಲೇ. ಹಿತ್ತಾಳೆ ಜೆಟ್ಟನ್ನು ಗುಜರಿಗೆ ಹಾಕಿದರೆ ತೂಕಕ್ಕೆ ಒಳ್ಳೆ ದುಡ್ಡು. ಪಂಪಿನ ತಾಮ್ರದ ಕೇಬಲ್‌ಗೆ ಇನ್ನೂ ಜಾಸ್ತಿ. ಯಾರದೋ ತೋಟದಲ್ಲಿ ಜೆಟ್ ಹೋಯಿತು ಅಂತ ಸುದ್ದಿ ಬಂದರೆ ಸಾಕು, ಮಾರನೇ ದಿನ ಅಕ್ಕಪಕ್ಕದ ನಾಲ್ಕು ತೋಟದವರು ನನ್ನ ಮುಂದೆ ನಿಂತಿರುತ್ತಾರೆ.

ಅಪ್ಪನ ಕಾಲದಲ್ಲಿ ಇಂಥ ಸ್ಕ್ರೂ ನಾವು ಇಡುತ್ತಿರಲಿಲ್ಲ. ಕತ್ತಿ, ಗುದ್ದಲಿ, ಮೊಳೆ, ಶೀಟು, ಬೀಗ, ಸುಣ್ಣ. ಅಷ್ಟೇ ಅಂಗಡಿ. ಅಪ್ಪ ಹೋದ ಮೇಲೆ ಗಲ್ಲಾದಲ್ಲಿ ನಾನು ಕೂತು ಈಗ 11 ವರ್ಷ. ಮೈಸೂರಿನ ಹೋಲ್‌ಸೇಲ್ ಅಂಗಡಿಯಲ್ಲಿ ಮೊದಲ ಸಲ ಈ ಸೆಕ್ಯುರಿಟಿ ಸ್ಕ್ರೂಗಳನ್ನು ನೋಡಿದಾಗ ನನಗೆ ಒಡವೆ ನೋಡಿದಷ್ಟೇ ಖುಷಿಯಾಗಿತ್ತು. ನಡುವೆ ಕಡ್ಡಿ ಇರುವುದು, ಎರಡು ತೂತಿನದು, ಮೂರು ರೆಕ್ಕೆಯದು, ತಲೆಯೇ ಮುರಿದು ಬೀಳುವ ನಟ್ಟು. ಎಲ್ಲದರಲ್ಲೂ ಒಂದೊಂದು ಪ್ಯಾಕೆಟ್ ತಂದೆ. ಯಾವುದು ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ಒಂದು ಪಂಪ್‌ಹೌಸು. ಕಲಿಯುವ ಖರ್ಚು ಮಾತ್ರ ನನ್ನದಲ್ಲ, ಪಾಪ, ಮಾವನದ್ದು.

ಮಾವ ಅಂದರೆ ಸ್ವಂತ ಮಾವ ಅಲ್ಲ. ಅಪ್ಪನ ಸ್ನೇಹಿತರು. ನಾಪೋಕ್ಲು ಕಡೆ ತೋಟ. ಚಿಕ್ಕಂದಿನಿಂದ ಮಾವ ಅಂತಲೇ ಕರೆದು ಅಭ್ಯಾಸ. ಒಂದು ಮಾರ್ಚ್‌ನಲ್ಲಿ ಅವರ ಹೊಳೆ ಬದಿಯ ಪಂಪ್‌ಹೌಸಿಗೆ ಕಳ್ಳ ನುಗ್ಗಿ ಆರು ಜೆಟ್ಟು, ಪಂಪಿನಿಂದ ಸ್ಟಾರ್ಟರ್‌ವರೆಗಿನ ಕೇಬಲ್ ಎಲ್ಲ ಬಿಚ್ಚಿಕೊಂಡು ಹೋಗಿದ್ದ. ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳಕ್ಕೆ ನಾಲ್ಕು ಮಾಮೂಲಿ ಸ್ಕ್ರೂ ಇತ್ತು. ಬಾಗಿಲಿನ ಬೀಗ ಮಾತ್ರ ಹಾಗೇ ಇತ್ತು! ಅಷ್ಟು ದಪ್ಪದ ಬೀಗವನ್ನು ನಾನೇ ಮಾರಿದ್ದೆ. ಆದರೆ ಆ ಬೀಗ ನೇತಾಡುತ್ತಿದ್ದ ಚಿಲಕವನ್ನು ಮರಕ್ಕೆ ಕೂರಿಸಿದ್ದು ಮುಕ್ಕಾಲು ಇಂಚಿನ ಸ್ಕ್ರೂಗಳಿಂದ. ಕಳ್ಳ ಸ್ಕ್ರೂಡ್ರೈವರ್ ತಂದು ಚಿಲಕವನ್ನೇ ಬಿಚ್ಚಿ, ಬೀಗದ ಸಮೇತ ಪಕ್ಕಕ್ಕೆ ಇಟ್ಟು ಒಳಗೆ ಹೋಗಿದ್ದ.

ನಾನು ಭಾರೀ ಬುದ್ಧಿವಂತಿಕೆಯಿಂದ ಒನ್-ವೇ ಸ್ಕ್ರೂ ಕೊಟ್ಟೆ. ನೋಡಲು ಇದು ಮಾಮೂಲಿ ಗೀರು ತಲೆಯ ಸ್ಕ್ರೂ ಥರಾನೇ ಇರುತ್ತದೆ. ಗೀರಿನ ಒಂದು ಪಕ್ಕ ನೆಟ್ಟಗೆ, ಇನ್ನೊಂದು ಪಕ್ಕ ಇಳಿಜಾರು. ಬಲಕ್ಕೆ ತಿರುಗಿಸಿದರೆ ಸ್ಕ್ರೂಡ್ರೈವರ್ ಕಚ್ಚುತ್ತದೆ. ಎಡಕ್ಕೆ ತಿರುಗಿಸಿದರೆ ಜಾರಿ ಮೇಲೆ ಬರುತ್ತದೆ. ಹಾಕಲು ವಿಶೇಷ ಟೂಲ್ ಏನೂ ಬೇಡ, ತೆಗೆಯಲು ಮಾಮೂಲಿ ಟೂಲ್ ಯಾವುದೂ ನಡೆಯಲ್ಲ. ಚಿಲಕಕ್ಕೆ ಆರು, ಸ್ಟಾರ್ಟರ್ ಪೆಟ್ಟಿಗೆಗೆ ನಾಲ್ಕು. "ಇನ್ನು ಯಾರಪ್ಪನಿಗೂ ಬರಲ್ಲ ಮಾವ" ಅಂದೆ.

ಮಾತು ನಿಜವಾಯಿತು. ಮುಂದಿನ ವರ್ಷ ಹೂವಿಗೆ ನೀರು ಹೊಡೆಯುವ ಮೂರನೇ ದಿನ ಸಂಜೆ ಸ್ಟಾರ್ಟರ್ ಒಳಗೆ ಕಾಂಟ್ಯಾಕ್ಟರ್ ಸುಟ್ಟಿತು. ಎಲೆಕ್ಟ್ರಿಷಿಯನ್ ಬಂದ. ಪೆಟ್ಟಿಗೆ ನೋಡಿದ. ಸ್ಕ್ರೂ ನೋಡಿದ. "ಇದನ್ನ ಯಾರು ಹಾಕಿದ್ದು?" ಅಂದನಂತೆ. ಡ್ರಿಲ್ಲಿಂಗ್ ಮಿಷನ್ ಇತ್ತು, ಗ್ರೈಂಡರ್ ಇತ್ತು. ಕರೆಂಟ್ ಬರುವುದು ಮಾತ್ರ ಅದೇ ಪೆಟ್ಟಿಗೆಯಿಂದ. ಪೆಟ್ಟಿಗೆ ಮುಟ್ಟಬೇಕಾದರೆ ಮೇನ್ ಆಫ್ ಮಾಡಬೇಕು. ಮೇನ್ ಆಫ್ ಮಾಡಿದರೆ ಗ್ರೈಂಡರ್ ಓಡಲ್ಲ. ಕೊನೆಗೆ ಆಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ಕೈಯಲ್ಲೇ ಹಿಡಿದು, ಟಾರ್ಚ್ ಬೆಳಕಿನಲ್ಲಿ ತಲೆಯ ಮೇಲೆ ಹೊಸ ಗೀರು ಕೊರೆದು ಒಂದೊಂದೇ ತೆಗೆದರು. ಮೊದಲನೆಯದಕ್ಕೇ 40 ನಿಮಿಷ. ನಾಲ್ಕನೆಯದಕ್ಕೆ ತಾಳ್ಮೆ ಮುಗಿದು ಉಳಿ ಹಾಕಿ ಬಡಿದರು, ಮುಚ್ಚಳ ಸೊಟ್ಟಗಾಯಿತು. ಎರಡು ದಿನ ನೀರು ನಿಂತಿತು. ಹೂವಿನ ನೀರಿಗೆ ಎರಡು ದಿನ ಅಂದರೆ ಏನು ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಮಾವ ಬೈಯಲಿಲ್ಲ. ಅಂಗಡಿಗೆ ಬಂದು, ತಲೆ ಸವೆದ ಆ ನಾಲ್ಕು ಸ್ಕ್ರೂಗಳನ್ನು ಕೌಂಟರ್ ಮೇಲೆ ಇಟ್ಟು, "ಕಳ್ಳ ನಾನೇ ಆದೆ ಮಗಳೇ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅವತ್ತಿನಿಂದ ನಾನು ಸ್ಕ್ರೂ ಕೊಡುವ ಮೊದಲು ಕೇಳುವ ಪ್ರಶ್ನೆ ಬೇರೆ. ಮುಂಚೆ "ಏನು ಕಳುವಾಯ್ತು?" ಅಂತ ಕೇಳುತ್ತಿದ್ದೆ. ಈಗ "ಮುಂದಿನ ಸಲ ಇದನ್ನ ಬಿಚ್ಚೋದು ಯಾರು, ಯಾವಾಗ?" ಅಂತ ಕೇಳುತ್ತೇನೆ. ಗಿರಾಕಿಗಳಿಗೆ ಇದು ವಿಚಿತ್ರ ಅನಿಸುತ್ತದೆ. ಬಿಚ್ಚಬಾರದು ಅಂತಲೇ ಅಲ್ವಾ ಬಂದಿದ್ದು?

ಯಾವತ್ತೂ ಬಿಚ್ಚಲ್ಲ ಅಂದರೆ ಒನ್-ವೇ ಪರವಾಗಿಲ್ಲ. ಬಸ್‌ಸ್ಟ್ಯಾಂಡ್ ಶೌಚಾಲಯದ ಕನ್ನಡಿ ಕ್ಲಿಪ್ಪು, ಬೋರ್ಡು, ಮೆಟ್ಟಿಲಿನ ಕೈಹಿಡಿ. ವರ್ಷಕ್ಕೊಮ್ಮೆಯಾದರೂ ಮುಟ್ಟಬೇಕಾದ್ದಕ್ಕೆ ನಡುವೆ ಕಡ್ಡಿ ಇರುವ ಟೋರ್ಕ್ಸ್ ಒಳ್ಳೆಯದು. ಆರು ಎಸಳಿನ ನಕ್ಷತ್ರದ ಗುಳಿ, ಅದರ ನಡುವೆ ಒಂದು ಚಿಕ್ಕ ಕಡ್ಡಿ. ಮಾಮೂಲಿ ಟೋರ್ಕ್ಸ್ ಬಿಟ್, ಅಂದರೆ ಸ್ಕ್ರೂಡ್ರೈವರಿಗೆ ಸಿಕ್ಕಿಸುವ ತುದಿ, ಆ ಕಡ್ಡಿಗೆ ತಾಗಿ ಒಳಗೆ ಹೋಗಲ್ಲ. ನಡುವೆ ತೂತಿರುವ ಬಿಟ್ಟೇ ಬೇಕು. ಮಾವನ ಪೆಟ್ಟಿಗೆಗೆ ಈಗ ಇರುವುದು ಇದೇ. ಎಂ6 ಅಳತೆಯ ಸ್ಕ್ರೂ, ಅದಕ್ಕೆ ಟಿ30 ಅಳತೆಯ ಬಿಟ್. ಒಳಗಡೆ ನಟ್ಟುಗಳನ್ನು ವೆಲ್ಡ್ ಮಾಡಿಸಿದ್ದೇವೆ. ತೆಳು ತಗಡಿಗೆ ನೇರ ಸ್ಕ್ರೂ ಹಾಕಿದರೆ ನಾಲ್ಕು ಸಲ ಬಿಚ್ಚುವಷ್ಟರಲ್ಲಿ ಮರೆ, ಅಂದರೆ ಸ್ಕ್ರೂ ಕಚ್ಚುವ ಸುರುಳಿ ಗೀರು, ಸವೆದು ಸುಮ್ನೆ ತಿರುಗುತ್ತಿರುತ್ತದೆ.

ಇಲ್ಲಿ ಒಂದು ಹೆಸರಿನ ಗೊಂದಲ ಇದೆ. ನಮ್ಮಲ್ಲಿ 'ಸ್ಟಾರ್' ಅಂದರೆ ಎಲ್ಲರಿಗೂ ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ. ಫೋನ್ ಮಾಡಿ "ಸ್ಟಾರ್ ಸೆಕ್ಯುರಿಟಿ ಸ್ಕ್ರೂ ಕಳಿಸಿ" ಅಂದವರಿಗೆ ನಾನು ಟೋರ್ಕ್ಸ್ ಕಳಿಸಿ, ಅವರು ಫಿಲಿಪ್ಸ್ ಸ್ಕ್ರೂಡ್ರೈವರ್ ಒತ್ತಿ ಒತ್ತಿ ಅದರ ತುದಿ ಮುರಿದು, ಮತ್ತೆ ನನಗೇ ಫೋನ್ ಮಾಡಿದ್ದುಂಟು. ಈಗ ಫೋನಿನಲ್ಲಿ ಆರ್ಡರ್ ತಗೊಳ್ಳಲ್ಲ. ಫೋಟೋ ಕಳಿಸಿ ಅಂತೀನಿ.

ಟೋರ್ಕ್ಸ್ ಕಡ್ಡಿ ದೊಡ್ಡ ಗುಟ್ಟು ಅಂತಲೂ ತಿಳಿಯಬೇಡಿ. ಆನ್‌ಲೈನಿನಲ್ಲಿ ನೂರು ಬಿಟ್‌ಗಳ ಸೆಟ್ ಸಿಗುತ್ತದೆ, ಅದರಲ್ಲಿ ತೂತಿನ ಬಿಟ್‌ಗಳೂ ಇರುತ್ತವೆ. ಚೂಪು ಪಂಚ್ ಇಟ್ಟು ಒಂದೇಟು ಹಾಕಿದರೆ ಕೆಲವು ಸ್ಕ್ರೂಗಳ ಕಡ್ಡಿಯೇ ಮುರಿದು ಹೋಗುತ್ತದೆ, ಆಮೇಲೆ ಮಾಮೂಲಿ ಬಿಟ್ ಸಾಕು. ಐದು ಎಸಳಿನದು ಸಿಕ್ಕರೆ ಸ್ವಲ್ಪ ಮೇಲು, ಅದರ ಬಿಟ್ ಅಷ್ಟು ಸುಲಭವಾಗಿ ಎಲ್ಲರ ಕೈಗೆ ಸಿಗಲ್ಲ. ಆಪಲ್‌ನವರು 2009ರಲ್ಲಿ ಮ್ಯಾಕ್‌ಬುಕ್ ಪ್ರೋ ಬ್ಯಾಟರಿಗೆ, ಆಮೇಲೆ ಐಫೋನ್ 4ಕ್ಕೆ, ಐದು ಎಸಳಿನ ಹೊಸ ಥರದ ಸ್ಕ್ರೂ ಹಾಕಿ ಯಾರೂ ಬಿಚ್ಚಬಾರದು ಅಂದುಕೊಂಡರು. ಈಗ ಮಡಿಕೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಪ್ರತಿ ಹುಡುಗನ ಮೇಜಿನ ಮೇಲೂ ಅದರ ಸ್ಕ್ರೂಡ್ರೈವರ್ ಇದೆ. ಗುಟ್ಟಿನ ಬೆಲೆ ಅಷ್ಟೇ. ಆದರೆ ತೋಟಕ್ಕೆ ರಾತ್ರಿ ಬರುವವನು ನೂರು ಬಿಟ್‌ಗಳ ಸೆಟ್ ತರುವುದಿಲ್ಲ. ಒಂದು ಕಟಿಂಗ್ ಪ್ಲೇಯರ್, ಒಂದು ಸ್ಕ್ರೂಡ್ರೈವರ್, ಹೆಚ್ಚೆಂದರೆ ಒಂದು ಅಡ್ಜಸ್ಟಬಲ್ ಸ್ಪ್ಯಾನರ್. ಅವನ ಜೇಬಿಗೆ ತಕ್ಕ ಹಾಗೆ ನಮ್ಮ ಸ್ಕ್ರೂ.

ಎರಡು ತೂತಿನ ಸ್ಕ್ರೂ, ಲಿಫ್ಟಿನ ಬಟನ್ ತಗಡಿನಲ್ಲಿ ನೋಡಿರುತ್ತೀರಿ, ಅದನ್ನು ನಾನು ಹೋಮ್‌ಸ್ಟೇಯವರಿಗೆ ಮಾತ್ರ ಕೊಡುತ್ತೇನೆ. ಸ್ವಿಚ್ ಬೋರ್ಡು, ಗೋಡೆಯ ಫೋಟೋ, ಬಾತ್‌ರೂಮಿನ ಸ್ಟ್ಯಾಂಡು. ಚೂಪು ಮೂತಿಯ ಪ್ಲೇಯರ್ ಇದ್ದರೆ ಅದನ್ನು ಬಿಚ್ಚಬಹುದು. ಆದರೆ ಪ್ರವಾಸಕ್ಕೆ ಬಂದವರು ಪ್ಲೇಯರ್ ತಂದಿರಲ್ಲ, ಅಲ್ವಾ.

ಪಂಪ್‌ಹೌಸಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೊಟ್ಟ ಮುಚ್ಚಳ ಸರಿಮಾಡಿ, ಹೊಸ ಸ್ಕ್ರೂ ಹಾಕಿ, ಬಾಗಿಲಿನ ಚಿಲಕಕ್ಕೂ ಹೊರಗಿನಿಂದ ಬಿಚ್ಚಲಾಗದ ಕ್ಯಾರೇಜ್ ಬೋಲ್ಟ್ ಹಾಕಿಸಿ ನಾನು ನೆಮ್ಮದಿಯಾಗಿದ್ದೆ. ಅದೇ ಮಳೆಗಾಲದಲ್ಲಿ ಕಳ್ಳ ಮತ್ತೆ ಬಂದ. ಬಾಗಿಲು ಮುಟ್ಟಲಿಲ್ಲ. ಹಿಂದಿನಿಂದ ಬರೆ, ಅಂದರೆ ಮಣ್ಣಿನ ದಿಬ್ಬ, ಹತ್ತಿದರೆ ಸೂರು ಎದೆ ಎತ್ತರಕ್ಕೆ ಸಿಗುತ್ತದೆ. ಜಿಂಕ್ ಶೀಟನ್ನು ಹಿಡಿದಿದ್ದ ಜೆ-ಬೋಲ್ಟುಗಳ ನಟ್ಟು ಎಲ್ಲಿರುತ್ತದೆ? ಶೀಟಿನ ಮೇಲೆ. ಹೊರಗೆ. ಆಕಾಶಕ್ಕೆ ಮುಖ ಮಾಡಿಕೊಂಡು. ಸ್ಪ್ಯಾನರ್ ಹಾಕಿ ನಾಲ್ಕು ನಟ್ಟು ಬಿಚ್ಚಿ, ಶೀಟ್ ಎತ್ತಿ, ಒಳಗಿಳಿದು, ಉಳಿದ ಜೆಟ್ಟುಗಳನ್ನು ತಗೊಂಡು, ಬಂದ ದಾರಿಯಲ್ಲೇ ಹೋಗಿದ್ದ. ಶೀಟನ್ನು ಮತ್ತೆ ಮುಚ್ಚಿಯೂ ಹೋಗಿದ್ದ, ಪುಣ್ಯಾತ್ಮ. ಮಳೆ ನೀರು ಒಳಗೆ ಬರಲಿಲ್ಲ.

ಆಗ ನನಗೆ ತಲೆಗೆ ಹೊಳೆದಿದ್ದು ಇಷ್ಟು: ಸ್ಕ್ರೂವಿನ ತಲೆ ಯಾವ ಆಕಾರ ಅಂತ ನೋಡುವ ಮೊದಲು ನಟ್ಟು ಯಾವ ಕಡೆ ಇದೆ ಅಂತ ನೋಡಬೇಕು. ಸುಮ್ನೆ ನಿಮ್ಮ ಮನೆ ಸುತ್ತ ಒಮ್ಮೆ ನಡೆದು ನೋಡಿ. ಕಿಟಕಿಯ ಗ್ರಿಲ್ಲು ಹೊರಗಿನಿಂದ ಸ್ಕ್ರೂ. ಎಕ್ಸಾಸ್ಟ್ ಫ್ಯಾನು ಹೊರಗಿನಿಂದ. ಹೊರಕ್ಕೆ ತೆರೆಯುವ ಬಾಗಿಲಾದರೆ ಬಿಜಾಗ್ರಿಯ ಪಿನ್ನೂ ಹೊರಗೆ. ಬೀಗ ಎಷ್ಟು ದೊಡ್ಡದಾದರೂ ಪಿನ್ ಹೊಡೆದು ಬಾಗಿಲನ್ನು ಆ ಕಡೆಯಿಂದ ತೆಗೆಯಬಹುದು.

ಈ ವಿಷಯದಲ್ಲಿ ನನಗೆ ತುಂಬ ಇಷ್ಟದ ಸಾಮಾನು ಯಾವ ಹೊಸ ಸೆಕ್ಯುರಿಟಿ ಸ್ಕ್ರೂವೂ ಅಲ್ಲ, ಹಳೇ ಕ್ಯಾರೇಜ್ ಬೋಲ್ಟು. ಹೊರಗೆ ನುಣ್ಣನೆಯ ಗುಂಡು ತಲೆ, ಯಾವ ಗೀರೂ ಇಲ್ಲ, ಗುಳಿಯೂ ಇಲ್ಲ. ತಲೆಯ ಕೆಳಗೆ ಚೌಕದ ಕುತ್ತಿಗೆ. ಅದು ಮರಕ್ಕೆ ಕಚ್ಚಿ ಕೂತರೆ ಬೋಲ್ಟು ತಿರುಗಲ್ಲ. ನಟ್ಟು ಒಳಗೆ. ಹೊರಗೆ ನಿಂತವನಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಒಳಗಿನವರು ಮಾಮೂಲಿ ಸ್ಪ್ಯಾನರಿನಲ್ಲಿ ಯಾವಾಗ ಬೇಕಾದರೂ ಬಿಚ್ಚಬಹುದು. ಕಬ್ಬಿಣದ ಪಟ್ಟಿಗೆ ಹಾಕುವುದಾದರೆ ಮಾತ್ರ ತೂತನ್ನು ಚೌಕ ಮಾಡಿಸಿ. ಗುಂಡು ತೂತಿಗೆ ಹಾಕಿದರೆ ಬಿಗಿ ಮಾಡುವಾಗ ಬೋಲ್ಟೂ ಜೊತೆಗೇ ಸುತ್ತುತ್ತದೆ.

ಮಾವನ ಸೂರಿಗೆ ಏನು ಮಾಡಬೇಕು ಅಂತ ನಾನು, ಪಕ್ಕದ ವೆಲ್ಡಿಂಗ್ ಅಣ್ಣ ಇಬ್ಬರೂ ಹೋಗಿ ನೋಡಿದೆವು. ನನ್ನ ಮನಸ್ಸಿನಲ್ಲಿ ಇದ್ದಿದ್ದು ಶಿಯರ್ ನಟ್ಟು. ಅದು ಎರಡು ಭಾಗದ ನಟ್ಟು. ಕೆಳಗೆ ನುಣ್ಣನೆಯ ಶಂಕು, ಮೇಲೆ ಆರು ಮೂಲೆಯ ತಲೆ, ನಡುವೆ ತೆಳ್ಳಗಿನ ಕುತ್ತಿಗೆ. ಸ್ಪ್ಯಾನರಿನಲ್ಲಿ ಬಿಗಿ ಮಾಡುತ್ತಾ ಹೋದರೆ ಒಂದು ಲೆಕ್ಕದ ಬಿಗಿಗೆ ಬಂದಾಗ ಟಕ್ ಅಂತ ಮೇಲಿನ ತಲೆ ಮುರಿದು ಕೈಗೆ ಬರುತ್ತದೆ. ಉಳಿದ ಶಂಕುವಿಗೆ ಸ್ಪ್ಯಾನರ್ ಕೂರುವುದಿಲ್ಲ, ಪ್ಲೇಯರ್ ಜಾರುತ್ತದೆ. ಆ ಟಕ್ ಶಬ್ದ ಕೇಳಲು ನನಗೆ ಈಗಲೂ ಇಷ್ಟ.

ಅಣ್ಣ ಬೇಡ ಅಂದ. ಅವನು ಹೇಳಿದ್ದು ಸರಿ. ಶಿಯರ್ ನಟ್ಟು ಮುರಿಯಬೇಕಾದರೆ ಕೆಳಗೆ ಗಟ್ಟಿ ಆಧಾರ ಬೇಕು. ಜೆ-ಬೋಲ್ಟಿನ ಕೆಳಗೆ ಇರುವುದು ಡಾಂಬರು ವಾಷರ್ರು, ತೆಳು ಶೀಟು. ನಟ್ಟಿನ ತಲೆ ಮುರಿಯುವ ಮೊದಲೇ ಶೀಟ್ ಕುಸಿದು, ಆ ತೂತಿನಲ್ಲೇ ನೀರು ಇಳಿಯುತ್ತದೆ. ಕೊನೆಗೆ ಅವನು ಮಾಡಿದ್ದು ಸುಲಭದ ಕೆಲಸ. ಶೀಟಿನ ಕೆಳಗೆ, ರೀಪರ್‌ಗೆ ಸೇರಿಸಿ, 12 ಎಂಎಂ ಸರಳುಗಳ ಒಂದು ಬಲೆ ವೆಲ್ಡ್ ಮಾಡಿದ. ಶೀಟ್ ಎತ್ತಿದರೂ ಒಳಗೆ ಕೈಯಷ್ಟೇ ತೂರುತ್ತದೆ, ಬೇರೆ ಏನೂ ಇಲ್ಲ. ಅಷ್ಟು ದೂರ ಹೋಗಿ ಬಂದ ನನಗೆ ಒಂದು ಸ್ಕ್ರೂ ಕೂಡ ವ್ಯಾಪಾರ ಆಗಲಿಲ್ಲ.

ಶಿಯರ್ ನಟ್ಟಿಗೆ ತಕ್ಕ ಜಾಗ ಬೇರೆ ಇದೆ. ಸೋಲಾರ್ ಸ್ಟ್ರಕ್ಚರಿನ ಕಾಲು, ಗೇಟಿನ ಕಂಬಕ್ಕೆ ಬಿಜಾಗ್ರಿ ಕೂರಿಸುವ ಪ್ಲೇಟು, ಪೈಪಿನ ಕ್ಲಾಂಪು. ದೊಡ್ಡ ಕರೆಂಟ್ ಟವರುಗಳ ಕೆಳಭಾಗದ ಬೋಲ್ಟುಗಳನ್ನೂ ಕದಿಯಲು ಆಗದ ಹಾಗೆ ಹಾಕುವುದು ಇದಕ್ಕೇ. ಆದರೆ ಸೋಲಾರ್ ಪ್ಯಾನಲ್ ಹಿಡಿಯುವ ಕ್ಲಾಂಪುಗಳಿಗೆ ನಾನು ಶಿಯರ್ ನಟ್ ಕೊಡುವುದಿಲ್ಲ. ನಮ್ಮ ಕಡೆ ಸಿಲ್ವರ್ ಓಕ್ ಕೊಂಬೆ ಯಾವಾಗ ಬೀಳುತ್ತದೆ ಅಂತ ಹೇಳಲಾಗದು. ಒಡೆದ ಪ್ಯಾನಲ್ ಬದಲಿಸಲು ಇಡೀ ಸಾಲಿಗೆ ಗ್ರೈಂಡರ್ ಹಿಡಿಯಬೇಕಾಗುತ್ತದೆ. ಅಲ್ಲಿಗೆ ಕಡ್ಡಿಯ ಟೋರ್ಕ್ಸೇ ಸರಿ. ಸೋಲಾರ್ ಬೀದಿದೀಪದ ಬ್ಯಾಟರಿ ಪೆಟ್ಟಿಗೆಗೂ ಹಾಗೆಯೇ. ಬ್ಯಾಟರಿ ಅಂದಮೇಲೆ ನಾಲ್ಕು ವರ್ಷಕ್ಕೋ ಐದು ವರ್ಷಕ್ಕೋ ಬದಲಾಗಲೇಬೇಕು.

"ಶಿಯರ್ ನಟ್ ಹಾಕಿದರೆ ಗ್ರೈಂಡರ್ ಬೇಕು, ಸದ್ದಾಗುತ್ತೆ, ಸಿಕ್ಕಿಬೀಳ್ತಾನೆ" ಅಂತ ಹೇಳುತ್ತಿದ್ದೆ ಮೊದಲು. ತೋಟದ ಲೆಕ್ಕ ನೋಡುವ ಒಬ್ಬ ರೈಟರ್ ನಕ್ಕು ಹೇಳಿದ: "ಅಕ್ಕ, ಹಗಲು ಹೊತ್ತು ತೋಟದಲ್ಲಿ ಕಳೆ ಮಿಷನ್, ಮರ ಕೊಯ್ಯೋ ಮಿಷನ್ ಎಲ್ಲ ಓಡ್ತಾ ಇರುತ್ತೆ. ಅದರ ಮಧ್ಯೆ ಗ್ರೈಂಡರ್ ಯಾರಿಗೆ ಕೇಳುತ್ತೆ?" ನಿಜ. ಬ್ಯಾಟರಿ ಗ್ರೈಂಡರ್ ಬೇರೆ ಬಂದಿದೆ ಈಗ. ಕೆಲಸದವರ ಲೈನ್‌ಮನೆಗೆ ಹತ್ತಿರ ಇರುವ ಪಂಪ್‌ಹೌಸಿಗೆ ಸದ್ದಿನ ಲೆಕ್ಕ ಹಿಡಿಯುತ್ತದೆ. ಹೊಳೆ ಸದ್ದಿನ ಪಕ್ಕ ಇರುವುದಕ್ಕೆ ಇಲ್ಲ.

ಗೇಟಿನ ಮಾತು ಬಂತಲ್ಲ. ಕೊಡಗಿನಲ್ಲಿ ಗೇಟಿಗೆ ಎರಡು ಥರದ ಕಳ್ಳರು. ಎರಡನೆಯವನಿಗೆ ಸೊಂಡಿಲು ಇದೆ. ಸಾಮಾನ್ಯವಾಗಿ ಗೇಟಿನ ಎರಡೂ ಬಿಜಾಗ್ರಿಯ ಪಿನ್ ಮೇಲ್ಮುಖವಾಗಿ ಇರುತ್ತದೆ, ಗೇಟನ್ನು ಮೇಲಿಂದ ಇಳಿಸಿ ಕೂರಿಸುತ್ತಾರೆ. ಹಾಗೇ ಮೇಲಕ್ಕೆ ಎತ್ತಿದರೆ ಬೀಗದ ಹಂಗೇ ಇಲ್ಲದೆ ಬರುತ್ತದೆ. ಮೇಲಿನ ಪಿನ್ನನ್ನು ತಲೆಕೆಳಗೆ ಮಾಡಿ ಹಾಕಿಸಿದರೆ ಎತ್ತಲು ಆಗುವುದಿಲ್ಲ. ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಮನುಷ್ಯನಿಗೆ ಇದು ಸಾಕು. ಆನೆ ಎತ್ತಲು ಆಗದಿದ್ದರೆ ತಳ್ಳುತ್ತದೆ, ಆಗ ಕಂಬದ ಸಮೇತ ಹೋಗುತ್ತದೆ. ಅದಕ್ಕೆ ನನ್ನ ಅಂಗಡಿಯಲ್ಲಿ ಯಾವ ಸಾಮಾನೂ ಇಲ್ಲ.

ಕೊಡುವುದೇ ಇಲ್ಲ ಅಂತ ನಾನು ಹಟ ಹಿಡಿಯುವ ಒಂದು ಜಾಗ ಮಲಗುವ ಕೋಣೆಯ ಕಿಟಕಿ. ಎಲ್ಲ ಗ್ರಿಲ್ಲಿಗೂ ಒನ್-ವೇ ಹಾಕಿ ಅಂತ ಬರುತ್ತಾರೆ. ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಬಾಗಿಲ ಕಡೆ ಬೆಂಕಿ ಹತ್ತಿದರೆ ಎಲ್ಲಿಂದ ಹೊರಗೆ ಬರುತ್ತೀರಿ? ಮನೆಗೆ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತೆ ಇರಲಿ, ಅದರ ಕೀಲಿ ಅಲ್ಲೇ ಗೋಡೆಯಲ್ಲಿ, ಕಿಟಕಿಯಿಂದ ಕೈಗೆ ಸಿಗದಷ್ಟು ದೂರದಲ್ಲಿ ನೇತಾಡಲಿ. ಇದನ್ನು ಒಪ್ಪದೆ ಬೇರೆ ಅಂಗಡಿಗೆ ಹೋದವರೂ ಇದ್ದಾರೆ. ಹೋಗಲಿ.

ನಂಬರ್ ಪ್ಲೇಟಿಗೂ ಕೊಡುವುದಿಲ್ಲ, ಅದರ ಕಾರಣ ಬೇರೆ. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆಲ್ಲ ಹೈ ಸೆಕ್ಯುರಿಟಿ ಪ್ಲೇಟು. ಅದಕ್ಕಿಂತ ಹಳೆಯ ಗಾಡಿಗಳಿಗೂ ಹಾಕಿಸಬೇಕು ಅಂತ ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶ ಬಂತು. ಅದನ್ನು ಕೂರಿಸುವುದು ಸ್ನ್ಯಾಪ್ ಲಾಕ್‌ನಿಂದ, ಒಮ್ಮೆ ಹಾಕಿದರೆ ಒಡೆದೇ ತೆಗೆಯಬೇಕು, ಮತ್ತೆ ಹಾಕಲು ಬರುವುದಿಲ್ಲ. ಒಡೆದಿರುವುದು ಕಂಡರೆ ಯಾರೋ ಮುಟ್ಟಿದ್ದಾರೆ ಅಂತ ಗೊತ್ತಾಗಬೇಕು, ಅದಕ್ಕೇ ಅದು ಇರುವುದು. ಬಂಪರ್ ಗುದ್ದಿಸಿಕೊಂಡು ಬಂದು "ಎರಡು ಒಳ್ಳೆ ಸ್ಕ್ರೂ ಕೊಡಿ ಅಕ್ಕ" ಅಂದರೆ, ಪ್ಲೇಟ್ ಹಾಕುವವರ ಹತ್ತಿರವೇ ಹೋಗಿ ಅಂತ ಕಳಿಸುತ್ತೇನೆ.

ಅಂಗನವಾಡಿ ಜಾರುಬಂಡೆಗೆ ಕಡ್ಡಿ ಟೋರ್ಕ್ಸ್ ಹಾಕಿ, ಹಿಂದೆ ಗುಮ್ಮಟದ ನಟ್ಟು ಹಾಕಿ. ಅಲ್ಲಿ ಕಳ್ಳನ ಚಿಂತೆಗಿಂತ ಬೋಲ್ಟಿನ ಚೂಪು ತುದಿಗೆ ಮಕ್ಕಳ ಲಂಗ ಸಿಕ್ಕಿಕೊಳ್ಳುವ ಚಿಂತೆ ದೊಡ್ಡದು.

ದುಡ್ಡಿಲ್ಲದೆ ಮಾಡುವ ಉಪಾಯಗಳೂ ಇವೆ, ಅವುಗಳನ್ನು ಹೇಳಿದರೆ ನನ್ನ ವ್ಯಾಪಾರಕ್ಕೆ ಕಲ್ಲು. ಪರವಾಗಿಲ್ಲ. ಅಲೆನ್ ಬೋಲ್ಟಿನ ಆರು ಮೂಲೆಯ ಗುಳಿಗೆ ಅಳತೆಗೆ ಸರಿಯಾದ ಬೇರಿಂಗ್ ಗುಂಡು ಒಂದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಕೀ ಒಳಗೆ ಹೋಗುವುದಿಲ್ಲ. ಅಥವಾ ಬೋಲ್ಟಿನ ತುದಿ ನಟ್ಟಿನಿಂದ ಸ್ವಲ್ಪ ಹೊರಗೆ ಬರುವ ಹಾಗೆ ಬಿಟ್ಟು, ಆ ಮರೆಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ. ನಟ್ಟು ಹಿಂದಕ್ಕೆ ಬರುವುದಿಲ್ಲ. ಅಪ್ಪ ಮಾಡುತ್ತಿದ್ದುದು ಇದನ್ನೇ. ಎಂ-ಸೀಲ್ ತುಂಬುವವರು ತುಂಬ ಜನ. ಅದು ಕಣ್ಣಿಗೆ ಮಾತ್ರ ಅಡ್ಡ, ಮೊಳೆಯಿಂದ ಕೆದಕಿದರೆ ಬರುತ್ತದೆ.

ಇನ್ನು ಮಳೆ. ಇದರ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಮೈಸೂರಿನಿಂದ ಬರುವ ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಅದನ್ನು ತಯಾರಿಸಿದವರು ಮಡಿಕೇರಿಯ ಜುಲೈ ನೋಡಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಅದು. ಹೊಳೆಯುವ ಮಾಮೂಲಿ ಜಿಂಕ್ ಲೇಪನ 5ರಿಂದ 8 ಮೈಕ್ರಾನ್ ಇದ್ದರೆ ಹೆಚ್ಚು. ಎರಡು ಮಳೆಗಾಲಕ್ಕೆ ಅದು ಕೆಂಪಾಗುತ್ತದೆ. ತುಕ್ಕು ಹಿಡಿದ ಟೋರ್ಕ್ಸ್ ತಲೆ ಕಳ್ಳನಿಗೆ ಎಷ್ಟು ಕಷ್ಟವೋ ನಮಗೂ ಅಷ್ಟೇ ಕಷ್ಟ, ಸರಿಯಾದ ಬಿಟ್ ಕೈಯಲ್ಲಿ ಇದ್ದರೂ. ಹೊರಗೆ ಹಾಕುವುದಾದರೆ ಸ್ಟೀಲ್ ತಗೊಳ್ಳಿ, ತಲೆ ಮೇಲೆ ಎ2 ಅಂತ ಒತ್ತಿರುತ್ತಾರೆ, ಅದು 304 ಜಾತಿ. ಸಾಧಾರಣ ತೋಟಕ್ಕೆ ಅಷ್ಟು ಸಾಕು. ಕೆಲವರು ಜೇಬಿನಲ್ಲಿ ಮ್ಯಾಗ್ನೆಟ್ ತರುತ್ತಾರೆ, ಹಿಡಿದುಕೊಂಡರೆ "ಇದು ಡೂಪ್ಲಿಕೇಟ್" ಅಂತ ಜಗಳ. 304ರ ಸ್ಕ್ರೂ ಮಾಡುವಾಗ ತಂಪಿನಲ್ಲೇ ಒತ್ತಿ ಆಕಾರ ಕೊಡುತ್ತಾರೆ, ಅದರಿಂದಲೇ ಅದಕ್ಕೆ ಸ್ವಲ್ಪ ಆಕರ್ಷಣೆ ಬರುತ್ತದೆ. ಮ್ಯಾಗ್ನೆಟ್ ಪರೀಕ್ಷೆ ಪಾತ್ರೆ ಅಂಗಡಿಯಲ್ಲಿ ಮಾಡಿ, ನನ್ನಲ್ಲಿ ಬೇಡ.

ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ಟು ಹಾಕುವಾಗ ಗ್ರೀಸ್ ಮರೆಯಬೇಡಿ. ಒಣಗಿದ್ದಾಗ ಮಿಷನ್ ಹಿಡಿದು ಜೋರಾಗಿ ತಿರುಗಿಸಿದರೆ ಮರೆ ಬಿಸಿಯಾಗಿ ಒಂದಕ್ಕೊಂದು ಕಚ್ಚಿಕೊಂಡು ನಡುವೆಯೇ ನಿಂತುಬಿಡುತ್ತದೆ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಒಬ್ಬ ಹುಡುಗ ಹಾಗೆ ಕಚ್ಚಿಕೊಂಡಿದ್ದನ್ನು ಕಂಡು "ಸೆಕ್ಯುರಿಟಿ ಲಾಕ್ ಆಯ್ತು" ಅಂತ ಖುಷಿಪಟ್ಟಿದ್ದ. ಸ್ಟೀಲ್ ಸ್ಕ್ರೂವನ್ನು ಅಲ್ಯೂಮಿನಿಯಂ ಪೆಟ್ಟಿಗೆಗೆ ಹಾಕುವಾಗ ನಡುವೆ ಪ್ಲಾಸ್ಟಿಕ್ ವಾಷರ್ ಇಡಿ. ಇಲ್ಲದಿದ್ದರೆ ಒದ್ದೆಯಾದ ಜಾಗದಲ್ಲಿ ಸ್ಕ್ರೂ ಚೆನ್ನಾಗಿ ಉಳಿದು ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ.

ಗುಳಿ ಇರುವ ತಲೆಗಳಿಗೆ ಇನ್ನೊಂದು ಕಾಟ ಇದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಟಿ30 ಗುಳಿ ಅಂದರೆ ಹೇಳಿ ಮಾಡಿಸಿದ ಮನೆ. ಒಮ್ಮೆ ಬಿಟ್ ಕೂರುತ್ತಿಲ್ಲ ಅಂತ ಹೋಗಿ ನೋಡಿದರೆ ನಾಲ್ಕಕ್ಕೆ ಮೂರು ಸ್ಕ್ರೂಗಳಲ್ಲಿ ಗಟ್ಟಿ ಮಣ್ಣು. ಈಗ ಹಾಕಿದ ಕೂಡಲೇ ಗುಳಿಗೆ ಮೇಣದ ಬತ್ತಿ ಕರಗಿಸಿ ಬಿಡಲು ಹೇಳುತ್ತೇನೆ. ನೀರೂ ಹೋಗಲ್ಲ, ಹುಳವೂ ಹೋಗಲ್ಲ. ಬಿಚ್ಚುವಾಗ ಮೊಳೆಯಿಂದ ತೆಗೆದರೆ ಆಯಿತು.

ಇಷ್ಟೆಲ್ಲ ಆದಮೇಲೂ ಹತ್ತರಲ್ಲಿ ಎಂಟು ಜನ ಮತ್ತೆ ನನ್ನ ಹತ್ತಿರ ಬರುವುದು ಕಳ್ಳತನ ಆಯಿತು ಅಂತ ಅಲ್ಲ. ಬಿಟ್ ಕಳೆದುಹೋಯಿತು ಅಂತ. ಸಿಸಿಟಿವಿ ಡೂಮ್ ಕ್ಯಾಮರಾ ಜೊತೆ ಡಬ್ಬದಲ್ಲೇ ಒಂದು ಚಿಕ್ಕ ಎಲ್ ಆಕಾರದ ಕೀ ಬರುತ್ತದೆ. ಕ್ಯಾಮರಾ ಕೂರಿಸಿದವರು ಡಬ್ಬದ ಜೊತೆ ಅದನ್ನೂ ಬಿಸಾಡುತ್ತಾರೆ. ಎರಡು ವರ್ಷದ ಮೇಲೆ ಒಳಗೆ ಜೇಡ ಬಲೆ ಕಟ್ಟಿದಾಗ ಬರುತ್ತಾರೆ, "ಅಕ್ಕ, ಚಿಕ್ಕದು, ನಕ್ಷತ್ರದ ಥರ, ಮಧ್ಯೆ ತೂತು." ನನ್ನ ಕೌಂಟರಿನ ಕೆಳಗೆ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಎಲ್ಲೆಲ್ಲಿಂದಲೋ ಬಂದ ಕೀಗಳು, ಬಿಟ್‌ಗಳು, ವೀಲ್ ನಟ್ಟಿನ ಸಾಕೆಟ್ಟುಗಳು. ಸೆಕ್ಯುರಿಟಿ ಸ್ಕ್ರೂ ತಗೊಂಡವರಿಗೆ ಎರಡು ಬಿಟ್ ಮಾರುತ್ತೇನೆ. ಒಂದು ಅವರಿಗೆ. ಇನ್ನೊಂದಕ್ಕೆ ಅವರ ಮನೆ ಹೆಸರಿನ ಚೀಟಿ ಸುತ್ತಿ ಡಬ್ಬಿಗೆ. ಬ್ಯಾಂಕಿನ ಲಾಕರ್ ಇದ್ದ ಹಾಗೆ, ಬಾಡಿಗೆ ಇಲ್ಲ.

ಹೋದ ಆಗಸ್ಟ್‌ನಲ್ಲಿ ಮಾವನ ಫೋನು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟಿದೆಯೋ ನೋಡಬೇಕಂತೆ, ಬಿಟ್ ಎಲ್ಲೂ ಕಾಣುತ್ತಿಲ್ಲವಂತೆ. "ಜೋಪಾನವಾಗಿ ಇಟ್ಟಿದ್ದೆ ಮಗಳೇ, ಎಲ್ಲಿ ಅಂತ ಮಾತ್ರ ಜ್ಞಾಪಕ ಇಲ್ಲ." ಡಬ್ಬಿಯಿಂದ ಅವರ ಚೀಟಿಯ ಟಿ30 ತೆಗೆದು ಬಸ್ಸಿನಲ್ಲಿ ಕಳಿಸಿದೆ.

ಸೆಪ್ಟೆಂಬರ್ 3, ಕೊಡವರು ಆಯುಧಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದ ದಿನ ಬೆಳಿಗ್ಗೆ ವಾಟ್ಸ್ಆ್ಯಪಿಗೆ ಒಂದು ಫೋಟೋ ಬಂತು. ದೀಪದ ಮುಂದೆ ಅವರ ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿ, ಎಲ್ಲಕ್ಕೂ ಗಂಧದ ಬೊಟ್ಟು, ತೋಕ್‌ಪೂ ಹೂವು. ಕೋವಿಯ ಪಕ್ಕ ಒಂದು ಚಿಕ್ಕ ಕಪ್ಪು ವಸ್ತು. ದೊಡ್ಡದು ಮಾಡಿ ನೋಡಿದೆ. ಕಳೆದುಹೋಗಿದ್ದ ಟಿ30. ಕೋವಿ ಇಡುವ ಕಡೆಯೇ ಜೋಪಾನವಾಗಿ ಇಟ್ಟಿದ್ದರು, ಪೂಜೆಗೆ ತೆಗೆಯುವಾಗ ಸಿಕ್ಕಿದೆ. ಅದರ ಮೇಲೂ ಒಂದು ತೋಕ್‌ಪೂ.

ಕೆಳಗೆ ಬರೆದಿದ್ದರು: "ನಿನ್ನದನ್ನು ವಾಪಸ್ ಕಳಿಸ್ತೀನಿ, ಡಬ್ಬಿಯಲ್ಲೇ ಇಡು."